ಅಡಿಕೆ ದುಡ್ಡು ವರ್ಷಕ್ಕೊಮ್ಮೆ, ಅಮ್ಮನ ಖರ್ಚು ದಿನಾ

ತೀರ್ಥಹಳ್ಳಿ ಕಡೆ ಒಂದು ಎಕರೆ ಅಡಿಕೆ ತೋಟದ ಮನೆ ನಮ್ಮದು. ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲಿನ ಶಕ್ತಿ ಹೋದ ಮೇಲೆ ಅವಳನ್ನು ನೋಡಿಕೊಳ್ಳುತ್ತಿರುವವನು ನಾನೇ. ಮದುವೆ ಆಗಿಲ್ಲ. ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗದ ಕಥೆ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಕೊರೆಯುವುದಿಲ್ಲ. ಅಕ್ಕ ಶಿವಮೊಗ್ಗದಲ್ಲಿ, ತಮ್ಮ ಬೆಂಗಳೂರಿನಲ್ಲಿ. "ಒಬ್ಬನೇ ಹೆಂಗೆ ಮಾಡ್ತೀಯ ಮಾರಾಯ?" ಅಂತ ಕೇಳುವವರು ಜಾಸ್ತಿ. ಅವರಿಗೆಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ಸಂಬಳದವರ ಲೆಕ್ಕ ನಮಗೆ ಹೊಂದುವುದಿಲ್ಲ. ಕೊಯ್ಲು ಆಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋದ ಮೇಲೆ ಒಟ್ಟಿಗೆ ಒಂದಿಷ್ಟು ದುಡ್ಡು ಕೈಗೆ ಬರುತ್ತದೆ. ಆಮೇಲೆ ವರ್ಷವಿಡೀ ಅದೇ. ಆದರೆ ಕಾಯಿಲೆಯವರ ಖರ್ಚು ದಿನಾ ಇರುತ್ತದೆ. ಮಾತ್ರೆ, ಡೈಪರ್, ಫಿಸಿಯೋಥೆರಪಿಯವರು, ಆಟೋ. ಹಾಗಾಗಿ ನನಗೆ ನಾನೇ ಸಂಬಳ ಕೊಡುವ ಪದ್ಧತಿ ಮಾಡಿಕೊಂಡೆ. ಅಡಿಕೆ ದುಡ್ಡು ಬೇರೆ ಖಾತೆಯಲ್ಲಿ ಇರುತ್ತದೆ. ಆ ಖಾತೆಗೆ ಎಟಿಎಂ ಕಾರ್ಡ್ ತಗೊಂಡಿಲ್ಲ, ಫೋನ್‌ಪೇಗೂ ಜೋಡಿಸಿಲ್ಲ. ಪ್ರತಿ ತಿಂಗಳು ಅಲ್ಲಿಂದ 12,000 ರೂಪಾಯಿ ಖರ್ಚಿನ ಖಾತೆಗೆ ತಾನಾಗಿಯೇ ಬರುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇನೆ. ತಿಂಗಳ ಕೊನೆಗೆ ಖಾಲಿ ಆದರೆ ಖಾಲಿ. ಮೇಲೆ ಅಮ್ಮನ ಹೆಸರಿಗೆ ಗೃಹಲಕ್ಷ್ಮಿಯ 2,000, ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ಇದೆ. ಅವು ಇಂಥ ದಿನವೇ ಬರುತ್ತವೆ ಅಂತ ನಂಬಿ ಕೂರುವ ಹಾಗಿಲ್ಲ. ಆದ್ದರಿಂದ ತಿಂಗಳ ಲೆಕ್ಕಕ್ಕೆ ಸೇರಿಸಿಲ್ಲ. ಬಂದಾಗ ಡೈಪರ್, ಪ್ಲಾಸ್ಟಿಕ್ ಶೀಟು ಒಟ್ಟಿಗೆ ತಂದಿಡುತ್ತೇನೆ.

ಅಡಿಕೆ ದುಡ್ಡು ಬಂದ ವಾರವೇ ಮೂರು ಬಾಬ್ತು ಎತ್ತಿಡುತ್ತೇನೆ. ಒಂದು, ಸೊಸೈಟಿಯ ಬೆಳೆ ಸಾಲ. 5 ಲಕ್ಷದವರೆಗೆ ಬಡ್ಡಿ ಇಲ್ಲ ಅನ್ನುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಎರಡು, ಮಳೆಗಾಲದ ಔಷಧಿ. ಮೈಲುತುತ್ತ, ಸುಣ್ಣ, ಹೊಡೆಯುವವರ ಕೂಲಿ. ಇದರಲ್ಲಿ ಕೈ ಹಿಡಿದರೆ ಅಡಿಕೆಗೆ ಕೊಳೆರೋಗ ಬಂದು ಮುಂದಿನ ವರ್ಷದ ಸಂಬಳವೇ ಉದುರಿ ಹೋಗುತ್ತದೆ. ಮೂರನೆಯದನ್ನು ಕೇಳಿ ಊರಿನವರು ನಗುತ್ತಾರೆ: ಕೆಳಮನೆ ಚಿಕ್ಕಮ್ಮನ ವರ್ಷದ ಸಂಬಳ.

ಚಿಕ್ಕಮ್ಮ ವಾರಕ್ಕೆ ಮೂರು ದಿನ ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ಬರುತ್ತಾರೆ. ಒಂದು ಸಲಕ್ಕೆ 250 ರೂಪಾಯಿ. ಅಮ್ಮನಿಗೆ ತಲೆಸ್ನಾನ ಮಾಡಿಸುವುದು ಅವರೇ. ನಾನು ದಿನಾ ಮೈ ಒರೆಸುತ್ತೇನೆ, ಬಟ್ಟೆ ಬದಲಿಸುತ್ತೇನೆ. ಆದರೆ ಗಂಡುಮಗ ಸ್ನಾನ ಮಾಡಿಸುವಾಗ ಅಮ್ಮ ಮುದುಡಿಕೊಳ್ಳುತ್ತಾಳೆ, ಕಣ್ಣು ಮುಚ್ಚಿಕೊಳ್ಳುತ್ತಾಳೆ. ಚಿಕ್ಕಮ್ಮ ಮಾಡಿಸಿದ ದಿನ ಇಬ್ಬರದ್ದೂ ಊರ ಸುದ್ದಿ ಬಚ್ಚಲಿನಿಂದ ಹೊರಗೆ ಕೇಳಿಸುತ್ತಿರುತ್ತದೆ. ಅಮ್ಮನ ಮಾತು ತೊದಲು, ಆದರೂ ಬೈಗುಳ ಮಾತ್ರ ಸ್ಪಷ್ಟ.

ಆ ನಾಲ್ಕು ಗಂಟೆ ನನ್ನದು. ಒಂದಿಷ್ಟು ಹೊತ್ತು ತೋಟ, ಆಮೇಲೆ ಶಾಲೆ ಮೈದಾನದಲ್ಲಿ ವಾಲಿಬಾಲ್. "ತಾಯಿ ಹಾಸಿಗೆ ಹಿಡಿದಿದಾಳೆ, ಇವನಿಗೆ ಆಟ ಬೇಕಂತೆ" ಅನ್ನುವ ಮಾತು ನನ್ನ ಕಿವಿಗೂ ಬಿದ್ದಿದೆ. ಅನ್ನಲಿ. ತಿಂಗಳಿಗೆ ಸುಮಾರು 3,000 ರೂಪಾಯಿಯ ಈ ಬಾಬ್ತನ್ನು ನಾನು ಯಾವತ್ತೂ ಕಡಿತ ಮಾಡಿಲ್ಲ. ಬೇರೆ ಎಲ್ಲ ಮುಗಿದು ಉಳಿದರೆ ನೋಡೋಣ ಅಂತ ಬಿಟ್ಟರೆ ಅದು ಯಾವ ತಿಂಗಳೂ ಉಳಿಯುವುದಿಲ್ಲ. ನಾನು ಸೊಂಟ ಹಿಡಿದು ಮಲಗಿದರೆ ಇಬ್ಬರನ್ನೂ ನೋಡುವವರು ಬೇಕಾಗುತ್ತದೆ. ಆ ಖರ್ಚು 3,000ಕ್ಕೆ ನಿಲ್ಲುವುದಿಲ್ಲ.

ಹಾಗಾದರೆ ಕಡಿತ ಎಲ್ಲಿ? ಮೊದಲನೆಯದು ಮಾತ್ರೆ. ರಕ್ತದೊತ್ತಡಕ್ಕೆ, ರಕ್ತ ತೆಳುವಾಗುವುದಕ್ಕೆ, ಕೊಲೆಸ್ಟ್ರಾಲಿಗೆ ಅಂತ ಅಮ್ಮನಿಗೆ ದಿನಾ ಮಾತ್ರೆ ಇದೆ. ಡಾಕ್ಟರ ಹತ್ತಿರ ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆಸಿಕೊಂಡೆ. ಜನೌಷಧಿ ಕೇಂದ್ರದಲ್ಲಿ ಅದನ್ನೇ ಕೇಳಿದರೆ ಬಿಲ್ಲು ಅರ್ಧಕ್ಕಿಂತ ಕೆಳಗೆ ಬರುತ್ತದೆ. ಬಿಪಿ ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ದುಡ್ಡಿಲ್ಲದೆ ಕೊಡುತ್ತಾರೆ. ಉಳಿದವನ್ನು ಅಕ್ಕ ಶಿವಮೊಗ್ಗದಲ್ಲಿ ತೆಗೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ಸ್ಟಾಪಿನಲ್ಲಿ ನಿಂತು ಇಸಕೊಂಡರೆ ಆಯಿತು.

ಅಕ್ಕನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಆಗಾಗ ಬಂದು ಹೋಗು" ಅಂದರೆ ಯಾರಿಗೂ ಆಗುವುದಿಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ನಿಜ, ಆದರೆ ನಮ್ಮ ದಾರಿಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸೇ. ಟಿಕೆಟ್ ತಗೊಂಡು, ಮನೆ, ಮಕ್ಕಳನ್ನು ಬಿಟ್ಟು ಅವಳು ಎಷ್ಟು ಸಲ ಬಂದಾಳು? ಅದಕ್ಕೆ ಅವಳಿಗೆ ಒಂದೇ ಕೆಲಸ: ಮಾತ್ರೆ ಪೂರ್ತಿ ಅವಳ ಜವಾಬ್ದಾರಿ. ತಮ್ಮನಿಗೆ ಪ್ರತಿ ತಿಂಗಳು 5ನೇ ತಾರೀಕು 4,000 ಹಾಕುವ ಕೆಲಸ. ಮೊದಲು ಅವನು ಕೇಳಿದಾಗ ಕೊಡುತ್ತಿದ್ದ. ಒಡಹುಟ್ಟಿದವನ ಹತ್ತಿರವೇ ಆದರೂ ತಿಂಗಳು ತಿಂಗಳು ಕೇಳುವುದು ಹಿಂಸೆ ಅಲ್ವಾ? ಕೊಡುವವನಿಗೂ ಅಷ್ಟೇ. ತಾರೀಕು ಗೊತ್ತು ಮಾಡಿದ ಮೇಲೆ ಫೋನಿನಲ್ಲಿ ಬೇರೆ ಮಾತು ಆಡುತ್ತೇವೆ. ಕೊಯ್ಲಿನ ಸಮಯಕ್ಕೆ ಅವನು ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದು ಒಂದು ವಾರ ಇಲ್ಲಿಂದಲೇ ಕೆಲಸ ಮಾಡುತ್ತಾನೆ. ಮೀಟಿಂಗ್ ಇದ್ದಾಗ ನೆಟ್‌ವರ್ಕಿಗಾಗಿ ಗುಡ್ಡ ಹತ್ತುತ್ತಾನೆ, ಅದು ಬೇರೆ.

ಊಟದಲ್ಲಿ ಉಳಿಸಿದ್ದು ಡಬ್ಬಿ ಪುಡಿಗಳಲ್ಲಿ. ನೋಡಲು ಬಂದವರೆಲ್ಲ ಪ್ರೋಟೀನ್ ಪುಡಿ ಕೊಡಿ ಅನ್ನುತ್ತಿದ್ದರು. ಒಂದು ಡಬ್ಬಿಯ ದುಡ್ಡಿಗೆ ತಿಂಗಳಿಡೀ ಮೊಟ್ಟೆ ಬರುತ್ತದೆ. ಅಮ್ಮ ಏನು ತಿನ್ನುತ್ತಾಳೆ, ಏನು ನುಂಗಲು ಆಗುತ್ತದೆ ಅಂತ ಡಾಕ್ಟರಿಗೆ ಹೇಳಿ, ಸಾಕು ಅನ್ನಿಸಿಕೊಂಡ ಮೇಲೆಯೇ ಪುಡಿ ಬಿಟ್ಟೆ. ಕುಚ್ಚಲಕ್ಕಿ ಗಂಜಿ, ಮೆತ್ತಗೆ ಬೆಂದ ಹೆಸರುಬೇಳೆ, ಮೊಟ್ಟೆ, ಹಿತ್ತಲಿನ ಒಂದೆಲಗದ ತಂಬುಳಿ. ಲಕ್ವ ಆದವರಿಗೆ ನೀರಿನಂಥ ತೆಳುವಾದದ್ದೇ ಹೆಚ್ಚು ನೆತ್ತಿಗೇರುತ್ತದೆ, ಅದಕ್ಕೆ ತಂಬುಳಿಯನ್ನೂ ಅಂಬಲಿಯನ್ನೂ ಮಂದ ಮಾಡುತ್ತೇನೆ. ಉಣ್ಣುವಾಗ ನೆಟ್ಟಗೆ ಕೂರಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಜಗಳ ಇರುವುದು ಅಪ್ಪೆಮಿಡಿ ಉಪ್ಪಿನಕಾಯಿಗೆ. ಬಿಪಿ ಇರುವವರಿಗೆ ಆ ಉಪ್ಪು ಆಗುವುದಿಲ್ಲ ಅಂತ ಎಷ್ಟು ಹೇಳಿದರೂ ಜಾಡಿಯ ಮೇಲೇ ಕಣ್ಣು. ಭಾನುವಾರ ಒಂದು ಚೂರು ನಾಲಿಗೆಗೆ ಮುಟ್ಟಿಸುತ್ತೇನೆ.

ಇನ್ನು ಸಾಮಾನು. ಕಮೋಡ್ ಕುರ್ಚಿ ಕೊಂಡಿಲ್ಲ. ಅಪ್ಪನ ಕಾಲದ ಕೈ ಇರುವ ಮರದ ಕುರ್ಚಿಗೆ ಬಡಗಿಯ ಹತ್ತಿರ ತೂತು ಕೊರೆಸಿ, ಅಂಚು ಉಜ್ಜಿಸಿ, ಕೆಳಗೆ ಬಕೆಟ್ ಇಟ್ಟಿದ್ದೇನೆ. ಅಮ್ಮನನ್ನು ಎಬ್ಬಿಸುವುದಕ್ಕೆ ಹಳೇ ಪಂಚೆ. ಉದ್ದಕ್ಕೆ ಮಡಿಸಿ ಅವಳ ಸೊಂಟಕ್ಕೆ ಬಿಗಿಯಾಗಿ ಸುತ್ತುತ್ತೇನೆ. ಕುರ್ಚಿಯನ್ನು ಅವಳ ಎಡಕ್ಕೆ, ಅಂದರೆ ಶಕ್ತಿ ಇರುವ ಕಡೆಗೆ ಇಟ್ಟು, ನಾನು ಮಂಡಿ ಬಗ್ಗಿಸಿ, ಪಂಚೆ ಹಿಡಿದು "ಒಂದು, ಎರಡು, ಮೇಲೇಳು" ಅಂದರೆ ಅವಳೂ ಎಡಗಾಲು ಊರುತ್ತಾಳೆ. ಬಿದ್ದ ಕೈಯನ್ನು ಹಿಡಿದು ಮಾತ್ರ ಎಳೆಯಬಾರದು, ಭುಜದ ಕೀಲು ಜಾರುತ್ತದೆ. ಫಿಸಿಯೋಥೆರಪಿಯವರು ಇದನ್ನು ಕಲಿಸಿದ ಮೇಲೆ ನನ್ನ ಸೊಂಟ ನೋವು ಅರ್ಧಕ್ಕೆ ಇಳಿಯಿತು.

ದುಡ್ಡು ಕೊಟ್ಟು ಹೊಸದಾಗಿ ತಂದದ್ದು ಗಾಳಿ ಹಾಸಿಗೆ. 2,500 ರೂಪಾಯಿ ಚಿಲ್ಲರೆ. ಮಲಗಿದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಆಗುತ್ತದೆ. ಹಗಲು ಹೇಗೋ ನಡೆಯುತ್ತದೆ. ರಾತ್ರಿಯೂ ಎರಡು ಗಂಟೆಗೊಮ್ಮೆ ಎದ್ದರೆ ಬೆಳಿಗ್ಗೆ ತಲೆ ತಲೆಯಾಗಿ ಇರುವುದಿಲ್ಲ. ಪಂಪಿನಿಂದ ಗಾಳಿ ತುಂಬಿ ಇಳಿಯುವ ಈ ಹಾಸಿಗೆ ಬಂದ ಮೇಲೆ ಡಾಕ್ಟರು ಅಮ್ಮನ ಚರ್ಮ ನೋಡಿ, ರಾತ್ರಿ ನಾಲ್ಕು ಗಂಟೆಗೊಮ್ಮೆ ತಿರುಗಿಸಿದರೂ ಅವಳಿಗೆ ಸಾಕು ಅಂದರು. ಲೆಕ್ಕದ ಪುಸ್ತಕದಲ್ಲಿ ಆ ಹಾಸಿಗೆಯನ್ನು ನನ್ನ ಹೆಸರಿನಲ್ಲಿ ಬರೆದಿದ್ದೇನೆ, ಯಾಕಂದರೆ ಕೊಂಡದ್ದು ನನ್ನ ನಿದ್ದೆಯನ್ನು. ಬೆಳಿಗ್ಗೆ ಎದ್ದ ಕೂಡಲೇ ಹಿಮ್ಮಡಿ, ಬೆನ್ನಿನ ಬುಡ, ಸೊಂಟದ ಮೂಳೆ ನೋಡುತ್ತೇನೆ. ಕೆಂಪಾದ ಜಾಗ ಇದ್ದರೆ ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಹಾಗೇ ಇದ್ದರೆ ಆ ಮಗ್ಗುಲಿಗೆ ಮಲಗಿಸುವುದು ಬಂದ್, ಡಾಕ್ಟರಿಗೂ ಹೇಳಬೇಕು. ಮೈಬಣ್ಣ ಕಪ್ಪಾದರೆ ಕೆಂಪು ಕಾಣುವುದಿಲ್ಲ, ಮುಟ್ಟಿ ಬಿಸಿಯೋ ಗಟ್ಟಿಯೋ ನೋಡಬೇಕು. ಆ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಲೇಬಾರದು.

ಮಲೆನಾಡಿನಲ್ಲಿ ಈ ಎಲ್ಲ ಲೆಕ್ಕವನ್ನೂ ಬುಡಮೇಲು ಮಾಡುವುದು ಮಳೆ. ಬೇಸಿಗೆಯಲ್ಲಿ ಹಳೇ ಕಾಟನ್ ಸೀರೆ ಹರಿದು, ನಾಲ್ಕು ಪದರ ಮಡಿಸಿ, ಅಡಿಗೆ ಪ್ಲಾಸ್ಟಿಕ್ ಹಾಕಿದರೆ ಹಗಲಿಗೆ ಡೈಪರ್ ಬೇಡ. ತೊಳೆದು ಅಂಗಳಕ್ಕೆ ಹಾಕಿದರೆ ಮಧ್ಯಾಹ್ನಕ್ಕೆ ಗರಿಗರಿ. ಜೂನ್ ಬಂತೋ, ಮುಗಿಯಿತು. ಮೂರು ದಿನ ಆದರೂ ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ ಬರುತ್ತದೆ. ಹಸಿ ಬಟ್ಟೆ ಹಾಕಿದರೆ ಚರ್ಮ ಕೆಡುತ್ತದೆ. ಬಚ್ಚಲ ಒಲೆಯ ಮೇಲೆ ಬಿದಿರು ಗಳ ಕಟ್ಟಿದ್ದೇನೆ. ಹಂಡೆಗೆ ಹೇಗೂ ದಿನಾ ಬೆಂಕಿ ಹಾಕಬೇಕಲ್ಲ, ಆ ಕಾವಿಗೆ ಒಣಗುತ್ತದೆ. ಹೊಗೆ ವಾಸನೆ ಬರುತ್ತದೆ ಅಂತ ಅಮ್ಮನ ತಕರಾರು. ಅಷ್ಟೂ ಬಟ್ಟೆ ಅಲ್ಲಿ ಹಿಡಿಯುವುದಿಲ್ಲ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲೂ ಡೈಪರ್ರೇ. ಒಂದಕ್ಕೆ 35 ರೂಪಾಯಿ, ದಿನಕ್ಕೆ ಮೂರು ಅಂದರೂ 100 ದಾಟುತ್ತದೆ. ಗೃಹಲಕ್ಷ್ಮಿ ದುಡ್ಡಿನಲ್ಲಿ ಬೇಸಿಗೆಯಿಂದಲೇ ತಂದು ಅಟ್ಟದ ಮೇಲೆ ಪೇರಿಸುವುದು ಇದಕ್ಕೇ.

ಮಳೆಗಾಲದಲ್ಲಿ ಮನಸ್ಸೂ ಕೆಡುತ್ತದೆ. ವಾಲಿಬಾಲ್ ಇಲ್ಲ, ಆಚೆ ಮನೆಯವರ ಮುಖವೂ ಕಾಣುವುದಿಲ್ಲ, ದಿನವಿಡೀ ಅದೇ ನಾಲ್ಕು ಗೋಡೆ. ಸುಮ್ಮನೆ ಸಿಟ್ಟು ಬರುತ್ತದೆ. ಹೋದ ಮಳೆಗಾಲ 14416ಕ್ಕೆ ಫೋನ್ ಮಾಡಿದ್ದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯವರು ಉಪದೇಶ ಮಾಡಲಿಲ್ಲ. ಎಷ್ಟು ಹೊತ್ತು ಮಲಗುತ್ತೀರಿ, ಊಟ ಹೇಗೆ, ಯಾರ ಹತ್ತಿರ ಮಾತಾಡುತ್ತೀರಿ ಅಂತ ಕೇಳಿದರು. ಅದಾದ ಮೇಲೆ ಮಳೆಗಾಲದಲ್ಲೂ ಚಿಕ್ಕಮ್ಮ ಬಂದ ದಿನ ಕೊಡೆ ಹಿಡಿದು ಸೊಸೈಟಿ ಕಟ್ಟೆಗಾದರೂ ಹೋಗಿ ಕೂತು ಬರುತ್ತೇನೆ.

ಬಗೆಹರಿಯದೆ ಉಳಿದಿರುವುದು ಕರೆಂಟು. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಬರುವುದಿಲ್ಲ. ಪಂಪು ನಿಂತರೆ ಹಾಸಿಗೆ ಚಪ್ಪಟೆ, ನನಗೆ ಮತ್ತೆ ಎರಡು ಗಂಟೆಯ ಅಲಾರಂ. ಈ ಸಲದ ಅಡಿಕೆಯಲ್ಲಿ ಸಣ್ಣ ಇನ್ವರ್ಟರ್ ತಗೊಳ್ಳಬೇಕು. ಪಂಪಿಗೆ ಕರೆಂಟು ತೀರಾ ಕಡಿಮೆ ಸಾಕು, ಬ್ಯಾಟರಿ ದೊಡ್ಡದು ಬೇಡ ಅಂತ ನಮ್ಮೂರ ಎಲೆಕ್ಟ್ರಿಷಿಯನ್ ಹೇಳಿದ್ದಾನೆ. ಟಿವಿಗೂ ಒಂದು ಲೈನ್ ಎಳಿ ಅಂತ ಅಮ್ಮ ಅವನಿಗೆ ಆಗಲೇ ಹೇಳಿಯಾಗಿದೆ.