3.3 ವೋಲ್ಟಿನ ಪಿನ್ನಿಗೆ 5 ವೋಲ್ಟಿನ ಪುಲ್-ಅಪ್: ನನ್ನ ಅನುಭವ

ಮಲ್ಪೆಯ ಐಸ್ ಪ್ಲಾಂಟೊಂದರ ಕಂಟ್ರೋಲ್ ಪ್ಯಾನೆಲ್ಲಿಗೆ ಹೊಸ ಮೈಕ್ರೋಕಂಟ್ರೋಲರ್ ಅಳವಡಿಸುವಾಗ, ಹಳೆಯ ರಿಲೇ ಬೋರ್ಡನ್ನು ಹಾಗೆಯೇ ಉಳಿಸಿಕೊಳ್ಳಬೇಕಿತ್ತು. ಅದರಲ್ಲಿದ್ದುದು 5 ವೋಲ್ಟಿನಲ್ಲಿ ನಡೆಯುವ 74ಎಚ್‌ಸಿ595 ಶಿಫ್ಟ್ ರಿಜಿಸ್ಟರ್, ಅಂದರೆ ಒಂದೇ ಗೆರೆಯಲ್ಲಿ ಒಂದೊಂದಾಗಿ ಬರುವ ಸಂಕೇತಗಳನ್ನು ಹಲವು ಔಟ್‌ಪುಟ್ಟುಗಳಿಗೆ ಹಂಚುವ ಚಿಪ್ಪು. ನಾನು ಬಳಸಿದ ಎಸ್‌ಟಿಎಂ32ಎಫ್103 ಚಿಪ್ಪಿನ ಪಿನ್ನುಗಳು ಕೊಡುವುದು 3.3 ವೋಲ್ಟ್ ಮಾತ್ರ.

ಎಚ್‌ಸಿ ಸರಣಿಯ ಚಿಪ್ಪು ಒಂದು ಸಂಕೇತವನ್ನು ‘ಹೈ’ ಎಂದು ಖಚಿತವಾಗಿ ಗುರುತಿಸಬೇಕಾದರೆ ಅದು ಪೂರೈಕೆಯ ಸುಮಾರು ಶೇ. 70ರಷ್ಟು, ಅಂದರೆ 3.5 ವೋಲ್ಟ್ ಇರಬೇಕು. ನಿಜವಾದ ಹೊಸ್ತಿಲು ಸಾಮಾನ್ಯವಾಗಿ 2.5 ವೋಲ್ಟಿನ ಆಸುಪಾಸಿನಲ್ಲಿರುವುದರಿಂದ ಮೇಜಿನ ಮೇಲೆ 3.3 ವೋಲ್ಟಿನಲ್ಲೂ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆದರೆ ಮೋಟಾರುಗಳ ವಿದ್ಯುತ್ ಗದ್ದಲ ತುಂಬಿದ ಪ್ಯಾನೆಲ್ಲಿನಲ್ಲಿ ಡೇಟಾಶೀಟ್ ಭರವಸೆ ಕೊಡದ ಅಂತರವನ್ನು ನೆಚ್ಚಿಕೊಳ್ಳಲು ನಾನು ಒಪ್ಪುವುದಿಲ್ಲ.

ಹಾಗಾಗಿ ಪುಲ್-ಅಪ್ ಬಳಸಿದೆ, ಅಂದರೆ ಸಂಕೇತದ ಗೆರೆಯನ್ನು (ತಂತಿಯನ್ನು) ರೆಸಿಸ್ಟರ್ ಮೂಲಕ 5 ವೋಲ್ಟಿಗೆ ಕಟ್ಟಿದೆ. ಆದರೆ ಗೆರೆಯನ್ನು ಮೇಲಕ್ಕೂ ಕೆಳಕ್ಕೂ ತಾನೇ ಎಳೆಯುವ ಸಾಮಾನ್ಯ ಪುಶ್-ಪುಲ್ ಔಟ್‌ಪುಟ್ಟಿನಿಂದ 5 ವೋಲ್ಟಿಗೆ ರೆಸಿಸ್ಟರ್ ಕಟ್ಟಿದರೆ ಪ್ರಯೋಜನವಿಲ್ಲ. ಒಳಗಿನ ಮೇಲಿನ ಟ್ರಾನ್ಸಿಸ್ಟರ್ ಪಿನ್ನನ್ನು 3.3 ವೋಲ್ಟಿನಲ್ಲೇ ಹಿಡಿದಿಡುತ್ತದೆ, ಹೆಚ್ಚುವರಿ ವಿದ್ಯುತ್ತು ಅದರ ಮೂಲಕ ಆ ಪೂರೈಕೆಗೇ ಹರಿಯುತ್ತದೆ. ಪಿನ್ನನ್ನು ಓಪನ್-ಡ್ರೈನ್ ಆಗಿ ಹೊಂದಿಸಿದಾಗ ಚಿಪ್ಪಿನ ಕೆಲಸ ಗೆರೆಯನ್ನು ಕೆಳಗೆಳೆಯುವುದಷ್ಟೇ ಆಗಿ, ಮೇಲೇರಿಸುವ ಹೊಣೆ ರೆಸಿಸ್ಟರಿನದಾಗುತ್ತದೆ. ಇದಕ್ಕೆ 5 ವೋಲ್ಟ್ ತಾಳಿಕೊಳ್ಳುವ ಪಿನ್ನುಗಳೇ ಬೇಕು: ಈ ಚಿಪ್ಪಿನಲ್ಲಿ ಪಿಎ8, ಪಿಎ9, ಪಿಎ10 ಅಂಥವು, ಪಿಎ0ಯಿಂದ ಪಿಎ7ರವರೆಗಿನವು ಅಲ್ಲ. ಆ ತಾಳಿಕೆಯೂ ಚಿಪ್ಪಿಗೆ ತನ್ನ 3.3 ವೋಲ್ಟ್ ಸಿಗುತ್ತಿರುವಾಗ ಮಾತ್ರ ಪೂರ್ಣವಾಗಿರುತ್ತದೆ. ಹಾಗಾಗಿ ಎರಡೂ ಪೂರೈಕೆಗಳು ಒಟ್ಟಿಗೇ ಬಂದು ಹೋಗುವಂತೆ 3.3 ವೋಲ್ಟನ್ನು ಅದೇ 5 ವೋಲ್ಟಿನಿಂದ ರೆಗ್ಯುಲೇಟರ್ ಮೂಲಕ ಪಡೆದೆ.

ಹೆಚ್ಚು ಯೋಚಿಸಬೇಕಾದದ್ದು ರೆಸಿಸ್ಟರಿನ ಮೌಲ್ಯದ ಬಗ್ಗೆ, ಅಂದರೆ ಅದು ಎಷ್ಟು ಓಮಿನದಿರಬೇಕು ಎಂಬುದರ ಬಗ್ಗೆ. ಅಭ್ಯಾಸಬಲದಿಂದ ಎಲ್ಲರೂ ಹಾಕುವುದು 10 ಕಿಲೋ ಓಮ್. ರಿಬ್ಬನ್ ಕೇಬಲ್ ಮತ್ತು ಪಿನ್ನುಗಳ ಕೆಪಾಸಿಟನ್ಸ್ ಒಟ್ಟು 150 ಪಿಕೋ ಫ್ಯಾರಡ್ ಎಂದು ಹಿಡಿದರೆ, ಸಂಕೇತ ಶೇ. 10ರಿಂದ ಶೇ. 90ಕ್ಕೆ ಏರಲು 2.2 ಗುಣಿಸು ಆರ್ (ರೆಸಿಸ್ಟರ್) ಗುಣಿಸು ಸಿ (ಕೆಪಾಸಿಟನ್ಸ್), ಅಂದರೆ 3.3 ಮೈಕ್ರೋಸೆಕೆಂಡು ಬೇಕು. ಎಚ್‌ಸಿ ಚಿಪ್ಪಿನ ಕ್ಲಾಕ್ ಪಿನ್ನಿಗೆ ಸುಮಾರು ಅರ್ಧ ಮೈಕ್ರೋಸೆಕೆಂಡಿಗಿಂತ ನಿಧಾನವಾದ ಏರಿಕೆ ಸಲ್ಲದು. ಹೊಸ್ತಿಲಿನ ಬಳಿ ಸಂಕೇತ ತಡವರಿಸಿದರೆ ಒಂದು ಕ್ಲಾಕು ಎರಡಾಗಿ ಎಣಿಕೆಯಾಗಬಹುದು. 1 ಕಿಲೋ ಓಮಿನಲ್ಲಿ ಅದೇ ಏರಿಕೆ 0.33 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ಗೆರೆ ಕೆಳಗಿರುವಾಗ ಹರಿಯುವ 5 ಮಿಲಿ ಆಂಪಿಯರ್ ಆ ಪಿನ್ನಿಗೆ ಭಾರವಲ್ಲ. ಆದ್ದರಿಂದ ಕ್ಲಾಕ್, ಲ್ಯಾಚ್ ಮತ್ತು ಡೇಟಾ ಮೂರಕ್ಕೂ 1 ಕಿಲೋ ಓಮನ್ನೇ ಹಾಕಿದೆ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಮಳೆಗಾಲದ ತೇವ ಮತ್ತು ಉಪ್ಪುಗಾಳಿ ಸೇರಿ ಬೋರ್ಡಿನ ಮೇಲೆ ಸೋರಿಕೆಯ ದಾರಿ ಮಾಡುತ್ತವೆ. ಅದು 100 ಕಿಲೋ ಓಮಿನಷ್ಟಿದ್ದರೆ, 100 ಕಿಲೋ ಓಮಿನ ಪುಲ್-ಅಪ್ ಇರುವ ಗೆರೆ 2.5 ವೋಲ್ಟಿಗೆ ಕುಸಿಯುತ್ತದೆ. 1 ಕಿಲೋ ಓಮಿನದು 4.95 ವೋಲ್ಟಿನಲ್ಲಿ ನಿಲ್ಲುತ್ತದೆ. ರಕ್ಷಣಾ ಲೇಪನವನ್ನೂ ಬಳಿದೆ, ಆದರೆ ಅದೊಂದನ್ನೇ ನಂಬಲಿಲ್ಲ.

ಔಟ್‌ಪುಟ್ ಎನೇಬಲ್ ಗೆರೆಗೂ 5 ವೋಲ್ಟಿಗೆ ಪುಲ್-ಅಪ್ ಕೊಟ್ಟೆ. ಅಲ್ಲಿ ವೇಗ ಬೇಕಿಲ್ಲದ ಕಾರಣ 4.7 ಕಿಲೋ ಓಮ್ ಸಾಕಾಯಿತು. ಅದು ‘ಲೋ’ ಆದಾಗ ಮಾತ್ರ ಕೆಲಸ ಮಾಡುವ ಗೆರೆ. ಕರೆಂಟು ಹೋಗಿ ಬಂದಾಗ ಮೈಕ್ರೋಕಂಟ್ರೋಲರಿನ ಪಿನ್ನುಗಳು ತೇಲುತ್ತಿರುವ ಹೊತ್ತಿನಲ್ಲಿ ರೆಸಿಸ್ಟರ್ ಅದನ್ನು ಮೇಲಿಟ್ಟು, ಪ್ರೋಗ್ರಾಂ ಆರಂಭವಾಗುವ ತನಕ ಶಿಫ್ಟ್ ರಿಜಿಸ್ಟರಿನ ಔಟ್‌ಪುಟ್ಟುಗಳನ್ನು ಮುಚ್ಚಿಡುತ್ತದೆ. ಗೆರೆ ಮೆಗಾಹರ್ಟ್ಸ್ ವೇಗದ್ದಾಗಿದ್ದರೆ ನಾನು ಪುಲ್-ಅಪ್ ಬಿಟ್ಟು, 2 ವೋಲ್ಟನ್ನೇ ‘ಹೈ’ ಎಂದು ಒಪ್ಪುವ 74ಎಚ್‌ಸಿಟಿ125 ಬಫರನ್ನು (ಸಂಕೇತವನ್ನು 5 ವೋಲ್ಟಿಗೆ ಏರಿಸಿ ದಾಟಿಸುವ ಚಿಪ್ಪನ್ನು) ನಡುವೆ ಇಡುತ್ತಿದ್ದೆ.