ಲೆದರ್ ಹವಳ ಇದ್ದರೆ ಕಾರ್ಬನ್ ಇರಲೇಬೇಕು

ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟವರಲ್ಲಿ ಕಾರ್ಬನ್, ಅಂದರೆ ನೀರಿನ ಕಲ್ಮಶ ಹೀರುವ ಆಕ್ಟಿವೇಟೆಡ್ ಇದ್ದಿಲು, ಬೇಕೇ ಬೇಕು ಅನ್ನುವವರಿದ್ದಾರೆ, ಸುಮ್ನೆ ದುಡ್ಡು ದಂಡ ಅನ್ನುವವರೂ ಇದ್ದಾರೆ. ನನ್ನ ಟ್ಯಾಂಕಿಗೆ ಅದಿಲ್ಲದೆ ಆಗುವುದಿಲ್ಲ. ನೀರು ತಿಳಿಯಾಗಲಿ ಅಂತ ಅಲ್ಲ, ಹವಳಗಳ ಜಗಳ ತಣ್ಣಗಾಗಲಿ ಅಂತ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ತೊಟ್ಟಿಯಲ್ಲೇ ಬೆಳೆಸಿದ ಹವಳದ ತುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. (ಭಾರತದಲ್ಲಿ ಕಲ್ಲು ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಊರಿನ ಗೆಳೆಯರು ಆ ಆಸೆ ಬಿಡುವುದೇ ಒಳ್ಳೆಯದು.) ನನ್ನದು ಸುಮಾರು 200 ಲೀಟರಿನ ಟ್ಯಾಂಕ್. ಒಂದು ಮೂಲೆಯಲ್ಲಿ ಸಾರ್ಕೊಫೈಟಾನ್, ಅಂದರೆ ಅಣಬೆ ಆಕಾರದ ಲೆದರ್ ಹವಳ. ಎದುರು ಮಾಂಟಿಪೋರಾ, ಅದು ಕಲ್ಲು ಹವಳ. ಲೆದರ್ ಪಕ್ಕದವರನ್ನು ಕುಟುಕಲು ಹೋಗುವುದಿಲ್ಲ. ಟರ್ಪೀನ್ ಜಾತಿಯ ವಿಷವನ್ನು ನೀರಿಗೆ ಬಿಡುತ್ತದೆ. ಸಮುದ್ರದಲ್ಲಾದರೆ ಅದು ಕೊಚ್ಚಿಕೊಂಡು ಹೋಗುತ್ತದೆ. ಟ್ಯಾಂಕಿನಲ್ಲಿ ಅದೇ ನೀರು ಸುತ್ತುತ್ತಿರುತ್ತದೆ, ಅಲ್ವಾ?

ಲೆದರ್ ಆಗಾಗ ಪೊರೆ ಬಿಡುತ್ತದೆ. ಪಾಲಿಪ್‌ಗಳನ್ನೆಲ್ಲ (ಹವಳದ ಮೈಮೇಲೆ ಹೂವಿನಂತೆ ಅರಳುವ ಪುಟ್ಟ ಜೀವಿಗಳು) ಒಳಗೆಳೆದುಕೊಂಡು ಬೋಳಾಗಿ ನಿಲ್ಲುತ್ತದೆ. ಮೈಮೇಲೆ ಮೇಣ ಸವರಿದಂಥ ಹೊಳಪು ಬರುತ್ತದೆ. ಕೆಲವು ದಿನ ಕಳೆದ ಮೇಲೆ ಆ ಪದರ ಚಿಂದಿಚಿಂದಿಯಾಗಿ ಕಳಚುತ್ತದೆ. ಆ ಹೊತ್ತಿಗೆ ಸರಿಯಾಗಿ ನನ್ನ ಮಾಂಟಿಪೋರಾದ ಪಾಲಿಪ್‌ಗಳೂ ಮುದುಡಿಕೊಳ್ಳುತ್ತವೆ. ಹೊಸ ಕಾರ್ಬನ್ ಹಾಕಿದರೆ ಒಂದೆರಡು ದಿನದಲ್ಲಿ ಮತ್ತೆ ಅರಳುತ್ತವೆ. ಟರ್ಪೀನ್ ಅಳೆಯುವ ಕಿಟ್ ನನ್ನ ಹತ್ತಿರ ಇಲ್ಲ, ಇದು ಕಣ್ಣಂದಾಜಿನ ಮಾತು. ಆದರೂ ಈಗ ಪೊರೆ ಕಂಡ ದಿನವೇ ಕಾರ್ಬನ್ ಚೀಲ ಬದಲಿಸುತ್ತೇನೆ, ಕಳಚುವವರೆಗೆ ಕಾಯುವುದಿಲ್ಲ.

ನಾನು ತರುವುದು ಕಲ್ಲಿದ್ದಲಿನ ಕಾರ್ಬನ್. ಕರಟದ ಕಾರ್ಬನ್‌ನಲ್ಲಿ ರಂಧ್ರಗಳು ತೀರಾ ಸಣ್ಣವು. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಅದು ಬಹಳ ಚೆನ್ನ, ನೀರನ್ನು ಹಳದಿ ಮಾಡುವ ದೊಡ್ಡ ಅಣುಗಳಿಗೆ ಕಲ್ಲಿದ್ದಲಿನದೇ ವಾಸಿ. ತಿಪಟೂರಿನವಳಾಗಿ ಇದನ್ನು ಬರೆಯಲು ಸ್ವಲ್ಪ ಬೇಜಾರೇ!

ಮುಕ್ಕಾಲು ಲೋಟ ಕಾರ್ಬನ್ ಸಾಕು. ಆದರೆ ಮೊದಲ ಸಲ ಹಾಕುವವರು ಅದರ ಅರ್ಧದಿಂದ ಶುರು ಮಾಡಿ. ನೀರು ಒಮ್ಮೆಲೇ ತಿಳಿಯಾದರೆ ಬೆಳಕು ಜಾಸ್ತಿ ಇಳಿಯುತ್ತದೆ, ಹವಳ ಬಿಳಚಿಕೊಳ್ಳಬಹುದು. ಕಾರ್ಬನ್ನನ್ನು ಜಾಲರಿ ಚೀಲಕ್ಕೆ ತುಂಬಿ ಆರ್‌ಓ ನೀರಿನಲ್ಲಿ ಕಪ್ಪು ಇಳಿಯುವುದು ನಿಲ್ಲುವವರೆಗೆ ತೊಳೆಯುತ್ತೇನೆ. ಇದಕ್ಕೆ ಸೋಮಾರಿತನ ಬೇಡ. ಸರ್ಜನ್‌ಫಿಶ್‌ಗಳ ತಲೆಯ ಮೇಲೆ ಚರ್ಮ ಸವೆಯುವ ರೋಗಕ್ಕೂ ಕಾರ್ಬನ್ನಿಗೂ ನಂಟಿರುವುದು ಪ್ರಯೋಗದಲ್ಲಿ ಕಂಡಿದೆ, ಪುಡಿಯ ಮೇಲೇ ಅನುಮಾನ ಜಾಸ್ತಿ. ಅದಕ್ಕೇ ಕಾರ್ಬನ್ ಕಾಳುಗಳು ಕುಣಿದು ತಿಕ್ಕಾಡುವ ರಿಯಾಕ್ಟರ್ (ಪಂಪಿನಿಂದ ನೀರು ಹಾಯಿಸುವ ಕೊಳವೆ) ನನಗೆ ಇಷ್ಟವಿಲ್ಲ. ಸಂಪ್‌ನಲ್ಲಿ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಎರಡು ಗಾಜಿನ ತಡೆಗಳ ನಡುವೆ ಚೀಲ ಇಟ್ಟರೆ ನೀರು ಅದರ ಮೂಲಕವೇ ಹಾಯಬೇಕು.

ಪೊರೆಯ ಗಲಾಟೆ ಇಲ್ಲದಿದ್ದರೂ ಮೂರು ವಾರಕ್ಕೊಮ್ಮೆ ಬದಲಿಸುತ್ತೇನೆ. ಹಳೆಯದನ್ನು ಓವನ್ನಿನಲ್ಲಿ ಕಾಯಿಸಿ ಮತ್ತೆ ಬಳಸಬಹುದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಕಾರ್ಖಾನೆಯಲ್ಲಿ ಅದಕ್ಕೆ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಕೊಡುತ್ತಾರೆ. ಇನ್ನು ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಕಡಿಮೆ ಮಾಡಲು ಕಾರ್ಬನ್ ನಂಬಬೇಡಿ, ಅದು ಅದರ ಕೆಲಸವಲ್ಲ. ಕೆಲವು ಕಾರ್ಬನ್ ತಾನೇ ಫಾಸ್ಫೇಟ್ ಬಿಡುತ್ತದೆ. ಹೊಸ ಡಬ್ಬಿ ತಂದಾಗ ಒಂದು ಚಮಚವನ್ನು ಆರ್‌ಓ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರಿಗೆ ಫಾಸ್ಫೇಟ್ ಟೆಸ್ಟ್ ಮಾಡಿ. ಬಣ್ಣ ಬಂದರೆ ಆ ಡಬ್ಬಿ ಬೇಡ.