ಬಿಇ ಓದಿ ನರ್ಸ್ ಆಗಿದ್ದು

ಬೆಂಗಳೂರಿನಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನಾನು. 2016ರಲ್ಲಿ ಗಂಡನ ಕೆಲಸಕ್ಕಾಗಿ ಶಿಕಾಗೋ ಹತ್ತಿರ ಬಂದೆವು. ನನ್ನದು ಎಚ್-4 ವೀಸಾ, ಅಂದರೆ ಅಲ್ಲಿ ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವಂಥದ್ದು, ಮನೆಯಲ್ಲೇ ಇದ್ದೆ. ಮಗಳು ಹುಟ್ಟಿದ ರಾತ್ರಿ ನನ್ನನ್ನು ನೋಡಿಕೊಂಡ ನರ್ಸ್ ಮೊದಲು ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದಳಂತೆ. ಅವತ್ತಿನಿಂದ ನನಗೂ ಒಂದು ಹುಳ ಹೊಕ್ಕಿತು.

ನಮ್ಮಲ್ಲಿ ಎಂಎಸ್ಸಿ ನರ್ಸಿಂಗ್ ಮಾಡಬೇಕಾದರೆ ಬಿಎಸ್ಸಿ ನರ್ಸಿಂಗ್ ಆಗಿರಲೇಬೇಕು. ಅಮೆರಿಕದಲ್ಲಿ ಬೇರೆ ಡಿಗ್ರಿ ಆದವರು ನೇರವಾಗಿ ಮಾಸ್ಟರ್ಸ್‌ಗೆ ಸೇರುವ ದಾರಿಯೂ ಇದೆ. ಹೆಚ್ಚಾಗಿ ಒಂದೂವರೆ, ಎರಡು ವರ್ಷದ ಕೋರ್ಸು. ಶಿಕಾಗೋದ ರಶ್, ಡಿಪಾಲ್ ಯೂನಿವರ್ಸಿಟಿಗಳಲ್ಲಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಇಂಥ ಕೋರ್ಸುಗಳಿವೆ. ನಾನು ಓದಿದ್ದು ಎಲ್ಲಿ ಅಂತ ಹೇಳಲ್ಲ. ಮುಂದೆ ಸ್ವಲ್ಪ ಬೈಯುವುದಿದೆ.

"ಇಷ್ಟು ಓದಿ ಇನ್ನೊಬ್ಬರ ಹೇಲು ಬಳಿಯೋಕೆ ಹೋಗ್ತೀಯೇನೇ?" ಅಂದರು ಅಮ್ಮ ಫೋನಿನಲ್ಲಿ. ನಾಲ್ಕು ದಿನ ಮಾತಾಡಲಿಲ್ಲ. ಆಮೇಲೆ ಅಪ್ಪನೇ ನನ್ನ ಅಂಕಪಟ್ಟಿಗಳಿಗಾಗಿ ಓಡಾಡಿದರು. ಅವನ್ನು ಇಲ್ಲಿನ ಲೆಕ್ಕಕ್ಕೆ ತೂಗಿಸಬೇಕಿತ್ತು. ಬಿಇ ನಾಲ್ಕು ವರ್ಷದ್ದಾದ್ದರಿಂದ ನನಗೆ ತೊಂದರೆ ಆಗಲಿಲ್ಲ. ಮೂರು ವರ್ಷದ ಬಿಕಾಂ, ಬಿಎಸ್ಸಿ ಆದವರಿಗೆ ಕೆಲವು ಕಡೆ ತಕರಾರು ಬರುತ್ತದೆ. ಅರ್ಜಿ ಫೀಸು ಕಟ್ಟುವ ಮೊದಲೇ ಕೇಳಿಕೊಳ್ಳಿ.

ಸೇರುವ ಮುಂಚೆ ಮುಗಿಸಬೇಕಾದ ವಿಷಯಗಳೇ ಒಂದು ರಾಶಿ: ಅನಾಟಮಿ-ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್, ಪೌಷ್ಟಿಕಾಂಶ, ಮನಃಶಾಸ್ತ್ರ. 2019ರಿಂದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಕಡಿಮೆ ಫೀಸಿನ ಸ್ಥಳೀಯ ಕಾಲೇಜಿನಲ್ಲಿ, ಒಂದೊಂದಾಗಿ ಮಾಡಿದೆ. ಬಿಇಯಲ್ಲಿ ಬೆವರು ಸುರಿಸಿ ಪಾಸು ಮಾಡಿದ ಗಣಿತ ಇಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ.

ಸೀಟು ಸಿಕ್ಕ ಮೇಲೆ ಇನ್ನೊಂದು ತಲೆನೋವು. ಆಸ್ಪತ್ರೆಗೆ ಕಾಲಿಡಬೇಕಾದರೆ ಲಸಿಕೆಯ ದಾಖಲೆ ತೋರಿಸಬೇಕು. ನನ್ನ ಬಾಲ್ಯದ ಕಾರ್ಡು ಯಾವ ಟ್ರಂಕಿನಲ್ಲೂ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ದಡಾರ, ಚಿಕನ್‌ಪಾಕ್ಸ್‌ಗೆಲ್ಲ ರಕ್ಷಣೆ ಇತ್ತು, ಹೆಪಟೈಟಿಸ್ ಬಿಗೆ ಇರಲಿಲ್ಲ. ಮೂರು ಡೋಸಿನ ಲಸಿಕೆ ಮುಗಿಯಲು ಆರು ತಿಂಗಳು ಬೇಕು, ಹಾಗಾಗಿ ಮೊದಲೇ ನೋಡಿಕೊಳ್ಳಿ. ಟಿಬಿ ವಿಷಯವೂ ಅಷ್ಟೇ. ನಮಗೆ ಹುಟ್ಟಿದಾಗ ಟಿಬಿಯ ಬಿಸಿಜಿ ಲಸಿಕೆ ಹಾಕಿರುತ್ತಾರೆ, ಅದರಿಂದ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ಬರಬಹುದು. ರಕ್ತದ ಪರೀಕ್ಷೆಯನ್ನೇ ಕೇಳಿ ಮಾಡಿಸಿಕೊಳ್ಳಿ.

2021ರಲ್ಲಿ ತರಗತಿ ಶುರುವಾಯಿತು. ಓದು ಕಷ್ಟ ಆಗಲಿಲ್ಲ, ಜಾಸ್ತಿ ಇತ್ತು ಅಷ್ಟೇ. ನಾನು ಬಿದ್ದಿದ್ದು ಔಷಧಿ ಲೆಕ್ಕದ ಪರೀಕ್ಷೆಯಲ್ಲಿ. ಹೌದು, ಇಂಜಿನಿಯರು, ಗುಣಾಕಾರ ಭಾಗಾಕಾರದಲ್ಲಿ ಫೇಲು! ನಮ್ಮ ಕಾಲೇಜಿನಲ್ಲಿ ನೂರಕ್ಕೆ ತೊಂಬತ್ತು ಬರಬೇಕಿತ್ತು, ಮೂರೇ ಅವಕಾಶ. ಉತ್ತರಗಳೆಲ್ಲ ಸರಿ ಇದ್ದವು, ಆದರೆ ನಾನು ಅರ್ಧ ಎಂಎಲ್ ಅನ್ನು .5 ಅಂತ ಬರೆದಿದ್ದೆ. ಮೇಡಂ ಆ ಚುಕ್ಕೆಯನ್ನು ಹೆಬ್ಬೆರಳಿನಿಂದ ಮುಚ್ಚಿ, "ಈಗ ಓದು" ಅಂದರು. ಐದು! ಹತ್ತು ಪಟ್ಟು ಔಷಧಿ. ಚುಕ್ಕೆಯ ಎಡಕ್ಕೆ ಸೊನ್ನೆ ಇರಲೇಬೇಕು, 0.5. ಪೂರ್ಣ ಸಂಖ್ಯೆ ಆದಮೇಲೆ ಚುಕ್ಕೆ ಇಟ್ಟು ಸೊನ್ನೆ ಹಾಕಲೇಬಾರದು. 5.0 ಅಂತ ಬರೆದರೆ ಯಾರೋ 50 ಅಂತ ಓದುತ್ತಾರೆ. ಟೆಸ್ಟಿಂಗ್‌ನಲ್ಲಿ ಇಂಥದ್ದು ಕಂಡರೆ ಬಗ್ ಹಾಕಿ ಟೀ ಕುಡಿಯಲು ಹೋಗುತ್ತಿದ್ದೆ. ಈಗ ಹಾಲಿನ ಲೆಕ್ಕ ಬರೆದರೂ ಸೊನ್ನೆ ಹಾಕುತ್ತೇನೆ.

ಆಸ್ಪತ್ರೆಯ ಮೊದಲ ವಾರ ಒಬ್ಬರು ವಯಸ್ಸಾದವರಿಗೆ ಹಾಸಿಗೆಯಲ್ಲೇ ಮೈ ಒರೆಸುವ ಕೆಲಸ ಬಂತು. ಲ್ಯಾಬಿನಲ್ಲಿ ಗೊಂಬೆಗೆ ಹತ್ತು ಸಲ ಮಾಡಿದ್ದೆ. ಮೊದಲು ಕಣ್ಣು, ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಗೆ. ಒರೆಸುವ ಭಾಗ ಬಿಟ್ಟು ಉಳಿದದ್ದೆಲ್ಲ ಹೊದಿಕೆಯೊಳಗೆ. ಎಲ್ಲ ಬಾಯಿಪಾಠ. ಆದರೆ ಗೊಂಬೆ ನಾಚಿಕೊಳ್ಳುವುದಿಲ್ಲ ಅಲ್ವಾ? ಅವರು ಗೋಡೆ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದರು. ನನಗೆ ನಮ್ಮ ಮಾವನ ನೆನಪಾಗಿ ಕೈ ನಿಂತಿತು. ಬೇಸಿನ್ ನೀರು ಆರುತ್ತಿತ್ತು. ಕೊನೆಗೆ ಅವರೇ, "ಬೆನ್ನು ತುರಿಸ್ತಿದೆ, ಸ್ವಲ್ಪ ಜೋರಾಗಿ ಉಜ್ಜು" ಅಂದರು. ಅಲ್ಲಿಂದ ಕೈ ಓಡಿತು.

ಬೈಯುವುದಿದೆ ಅಂದೆನಲ್ಲ, ಅದು ಇಷ್ಟು. ಮುಂದಿನ ಸೆಮಿಸ್ಟರಿಗೆ ಯಾವ ಆಸ್ಪತ್ರೆ ಅಂತ ನಮ್ಮ ಕಾಲೇಜು ಒಂದು ವಾರ ಮೊದಲಷ್ಟೇ ತಿಳಿಸುತ್ತಿತ್ತು. ಒಮ್ಮೆ 45 ಮೈಲಿ ದೂರ ಹಾಕಿದರು, ಬೆಳಿಗ್ಗೆ ಆರೂವರೆಗೆ ಹಾಜರಿ. ಮಗಳನ್ನು ಶಾಲೆಗೆ ರೆಡಿ ಮಾಡುವವರು ಯಾರು? ಅತ್ತೆ ಆರು ತಿಂಗಳು ಬಂದಿದ್ದರು, ಅದಕ್ಕೇ ಬಚಾವಾದೆ.

ದುಡ್ಡಿನ ಮಾತು. ಎಚ್-4ನವರಿಗೆ ಸರ್ಕಾರದ ಶಿಕ್ಷಣ ಸಾಲ ಸಿಗುವುದಿಲ್ಲ. ಮನೆ ಕೊಳ್ಳಲು ಕೂಡಿಟ್ಟದ್ದೆಲ್ಲ ಫೀಸಿಗೆ ಹೋಯಿತು. ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕಿದ ಐ-140 ಅನ್ನುವ ಅರ್ಜಿ ಪಾಸಾಗಿದ್ದರಿಂದ ನನಗೆ ಕೆಲಸದ ಪರವಾನಗಿ ಇತ್ತು. ಅದಿಲ್ಲದೆ ಎಚ್-4ನಲ್ಲಿ ಓದಬಹುದು, ದುಡಿಯುವ ಹಾಗಿಲ್ಲ.

2023ರ ಬೇಸಿಗೆಯಲ್ಲಿ ನರ್ಸ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದೆ. ಆ ಏಪ್ರಿಲ್‌ನಲ್ಲಷ್ಟೇ ಪರೀಕ್ಷೆಯ ರೂಪ ಬದಲಾಗಿತ್ತು. ಕಡಿಮೆ ಅಂದರೆ 85 ಪ್ರಶ್ನೆ, ಹೆಚ್ಚೆಂದರೆ 150. ಪಾಸೋ ಫೇಲೋ ಖಚಿತವಾದ ಕೂಡಲೇ ಕಂಪ್ಯೂಟರ್ ನಿಲ್ಲಿಸುತ್ತದೆ. ನನ್ನದು 85ಕ್ಕೇ ಆಫ್ ಆಯಿತು. ಎರಡು ದಿನ ಅನ್ನ ಸೇರಲಿಲ್ಲ. ಪಾಸು.

ಮಾಸ್ಟರ್ಸ್ ಅಂದ ತಕ್ಷಣ ನರ್ಸ್ ಪ್ರಾಕ್ಟಿಷನರ್, ಅಂದರೆ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆದುಕೊಡುವ ನರ್ಸ್, ಅಂತ ತಿಳಿಯುವವರು ಬಹಳ. ನನ್ನ ಕೋರ್ಸು ಅದಲ್ಲ, ಅದಕ್ಕೆ ಇನ್ನೂ ಓದಬೇಕು. ನನ್ನ ಜೊತೆ ವಾರ್ಡಿಗೆ ಸೇರಿದವಳು ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಕೋರ್ಸು ಮಾಡಿದವಳು. ಇಬ್ಬರಿಗೂ ಒಂದೇ ಪರೀಕ್ಷೆ, ಒಂದೇ ಲೈಸೆನ್ಸು, ಹೆಚ್ಚುಕಮ್ಮಿ ಒಂದೇ ಸಂಬಳ. ಖರ್ಚು ಮಾತ್ರ ಅವಳದ್ದು ಎಷ್ಟೋ ಕಮ್ಮಿ. ಪಾಠ ಮಾಡುವ ಆಸೆ ನನಗಿದೆ, ಅಲ್ಲಿ ಈ ಡಿಗ್ರಿ ಬೇಕಾಗುತ್ತದೆ. ಆ ಆಸೆ ಇಲ್ಲದವರು ಅವಳ ದಾರಿಯನ್ನೂ ವಿಚಾರಿಸಿ.

ಹೋದ ಚಳಿಗಾಲದಲ್ಲಿ ನಮ್ಮ ಕಡೆಯ ಅಜ್ಜಿಯೊಬ್ಬರು ಆಪರೇಶನ್ ಆಗಿ ವಾರ್ಡಿಗೆ ಬಂದರು. ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿ ಬರೆಯಬೇಕು. ಭಾಷೆ ಬರುತ್ತೆ ಅಂತ ನಾನೇ ಕೇಳುವಂತಿಲ್ಲ, ಫೋನಿನಲ್ಲಿ ಇಂಟರ್‌ಪ್ರಿಟರ್ ಇರಬೇಕು. ಅಜ್ಜಿ ನನ್ನ ಮುಖ ನೋಡಿಕೊಂಡೇ ಫೋನಿಗೆ "ಪರವಾಗಿಲ್ಲಪ್ಪ" ಅಂದರು. ಆತ ಅದನ್ನು 'ಚೆನ್ನಾಗಿದ್ದಾರೆ' ಅಂತ ಇಂಗ್ಲಿಷಿಗೆ ದಾಟಿಸಿದ. ಅಜ್ಜಿಯ ಕೈ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು, ಬೆರಳ ಗಿಣ್ಣು ಬಿಳಿಚಿಕೊಂಡಿದ್ದವು. ಚುಚ್ಚಿದ ಹಾಗಾ, ಉರಿಯಾ, ಹಿಂಡಿದ ಹಾಗಾ ಅಂತ ಕೇಳಿಸಿದೆ. "ಹಿಂಡ್ತದೆ, ರಾತ್ರಿಯಿಂದ." ಎಷ್ಟು ಅಂತ ಮತ್ತೆ ಕೇಳಿಸಿದೆ. ಎಂಟು ಅಂದರು.

"ನಿಮ್ದು ಯಾವೂರಮ್ಮ?" ಅಂದರು, ನಾನು ಎದ್ದಾಗ. ಮೊದಲು ಔಷಧಿ ತಂದು ಕೊಟ್ಟೆ. ಊರು ಆಮೇಲೆ ಹೇಳಿದೆ.